ಸಾಗರದ ಪ್ರದಕ್ಷಿಣೆ

ಇಂಗ್ಲೆಂಡಿನ ಫಾಲ್ಮತ್ ರೇವಿನಿಂದ ನ್ಯೂಯಾರ್ಕಿಗೆ ಹೊರಡುವ ಸರಕಾರಿ ಅಂಚೆಯ ಹಡಗು, ಲಂಡನ್ನಿನಿಂದ ರೋಡ್ ಐಲೆಂಡಿಗೆ ಹೊರಡುವ ವ್ಯಾಪಾರದ ಹಡಗಿಗಿಂತ ಎರಡು ವಾರ ತಡವಾಗಿ ಮುಟ್ಟುವುದೇಕೆ? ೧೭೬೮ರಲ್ಲಿ ಇಂಥದೊಂದು ದೂರು ಲಂಡನ್ನಿನಲ್ಲಿದ್ದ ಬೆಂಜಮಿನ್ ಫ್ರಾಂಕ್ಲಿನ್ನನ ಮುಂದೆ ಬಂದಿತು. ಅಮೆರಿಕದ ವಸಾಹತುಗಳ ಅಂಚೆಯ ಆಡಳಿತ ಆಗ ಅವನ ಪಾಲಿಗಿದ್ದಿತು. ವ್ಯಾಪಾರದ ಹಡಗಿಗೆ ಹೊರೆ ಹೆಚ್ಚು, ಆಳು ಕಡಿಮೆ, ದಾರಿಯೂ ದೂರ. ಆದರೂ ಅದೇ ಮುಂದು!

ಫ್ರಾಂಕ್ಲಿನ್ ತನ್ನ ಬಂಧುವೂ ನ್ಯಾಂಟಕೆಟ್ ದ್ವೀಪದ ನಾವಿಕನೂ ಆದ ತಿಮೊಥಿ ಫೋಲ್ಜರನನ್ನು ವಿಚಾರಿಸಿದನು. ಗುಟ್ಟು ಹೊರಬಿದ್ದಿತು. ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹವೊಂದು ಅಮೆರಿಕದ ಕಡೆಯಿಂದ ಈಶಾನ್ಯಕ್ಕೆ ಹರಿಯುತ್ತದೆ. ತಿಮಿಂಗಿಲಗಳು ಅದರ ಅಂಚಿನಲ್ಲಿ ಸಂಚರಿಸುವುದರಿಂದ, ಅವನ್ನು ಬೇಟೆಯಾಡುವ ನಾವಿಕರಿಗೆ ಅದರ ಮೇರೆ ಕರತಲಾಮಲಕವಾಗಿದ್ದಿತು. ಅಂಚೆಯ ಹಡಗುಗಳಾದರೋ ಅದರ ನಡುವೆಯೇ ಎದುರಾಗಿ ಸಾಗುತ್ತಿದ್ದವು. ಗಂಟೆಗೆ ಮೂರು ಮೈಲಿಯ ಸೆಳೆತ. ಗಾಳಿ ಮಂದವಾದರೆ ಹಡಗು ಮುಂದೆ ಸರಿದುದಕ್ಕಿಂತ ಹಿಂದೆ ಹೋದುದೇ ಹೆಚ್ಚು. ದಾರಿಯಲ್ಲಿ ಎದುರಾದ ಬೇಟೆಗಾರರು ಎಚ್ಚರಿಸಿದರೂ ಕಪ್ತಾನರು ಕಿವಿಗೊಡಲಿಲ್ಲ. ಮೀನು ಹಿಡಿಯುವವರಿಂದ ಪಾಠ ಕಲಿಯುವುದೆಂದರೇನು! ಫೋಲ್ಜರ್ ಗುರುತಿಸಿಕೊಟ್ಟಂತೆ ಫ್ರಾಂಕ್ಲಿನ್ ಭೂಪಟವನ್ನು ಅಚ್ಚುಮಾಡಿಸಿದನು. ಕಪ್ತಾನರು ಅದನ್ನೂ ಕಡೆಗಣಿಸಿದರು.

ಈ ಪ್ರವಾಹ ಒಂದು ಮಹಾವರ್ತುಲದ ತುಣುಕು. ಉಷ್ಣವಲಯದಲ್ಲಿ ಈಶಾನ್ಯದ ಗಾಳಿ ಅಟ್ಲಾಂಟಿಕ್ ಸಾಗರದ ನೀರನ್ನು ಪಶ್ಚಿಮಕ್ಕೆ ನೂಕುತ್ತದೆ. ಅಮೆರಿಕದ ನೆಲ ಅಡ್ಡಬಂದಾಗ ನೀರು ಉತ್ತರಕ್ಕೆ ಹೊರಳುತ್ತದೆ. ಅಲ್ಲಿ ಪಶ್ಚಿಮದ ಗಾಳಿ ಅದನ್ನು ಯೂರೋಪಿನತ್ತ ಅಟ್ಟುತ್ತದೆ. ಬಳಿಕ ಒಂದು ಪಾಲು ದಕ್ಷಿಣಕ್ಕೆ ಇಳಿದು, ಹೊರಟಲ್ಲಿಗೇ ಸೇರುತ್ತದೆ.

ಗಾಳಿಯೊಡನೆ ಭೂಮಿಯ ಆವರ್ತನವೂ ಇಲ್ಲಿ ಕೈಗೂಡಿಸಿದೆ. ಉತ್ತರಾರ್ಧಗೋಳದಲ್ಲಿ ಚಲಿಸುವ ನೀರು ಬಲಕ್ಕೆ ಬಾಗುತ್ತದೆ. ೧೮೯೩ರಿಂದ ೧೮೯೬ರವರೆಗೆ ಉತ್ತರಧ್ರುವದ ಹಿಮದಲ್ಲಿ ಹಡಗನ್ನು ತೇಲಬಿಟ್ಟಿದ್ದ ನಾನ್ಸೆನ್, ಹಿಮ ಗಾಳಿಯ ದಿಕ್ಕಿಗೆ ಹೋಗದೆ ಅದರ ಬಲಕ್ಕೆ ಸರಿಯುವುದನ್ನು ಕಂಡನು. ೧೯೦೫ರಲ್ಲಿ ಎಕ್ಮನ್ ಅದರ ಗಣಿತವನ್ನು ಬಿಡಿಸಿದನು. ಹೀಗೆ ಬಲಕ್ಕೆ ಸರಿದ ನೀರು ವರ್ತುಲದ ನಡುವೆ ಸೇರಿ, ಸುಮಾರು ಒಂದು ಮೀಟರಿನಷ್ಟು ಉಬ್ಬುತ್ತದೆ. ಸಾವಿರಾರು ಮೈಲಿ ಹರಡಿದ ಈ ದಿಬ್ಬ ಕಣ್ಣಿಗೆ ಕಾಣದು. ಅದರಿಂದ ಕೆಳಗೆ ಜಾರತೊಡಗಿದ ನೀರೂ ಬಲಕ್ಕೇ ಬಾಗುವುದರಿಂದ, ಇಳಿದುಹೋಗಲಾರದೆ ದಿಬ್ಬವನ್ನು ಸುತ್ತುತ್ತದೆ. ನಡುವನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆಯಲ್ಲದೆ ಮತ್ತೇನು? ಉತ್ತರ ಪೆಸಿಫಿಕ್ಕಿನಲ್ಲಿಯೂ ಹೀಗೆಯೇ. ದಕ್ಷಿಣಾರ್ಧದಲ್ಲಿ ಅಪ್ರದಕ್ಷಿಣೆ. (ಬಚ್ಚಲಿನ ನೀರೂ ಈ ನಿಯಮದಂತೆಯೇ ಸುತ್ತುವುದೆಂದು ಹೇಳುವವರುಂಟು. ಬಚ್ಚಲು ಅದಕ್ಕೆ ತೀರ ಚಿಕ್ಕದು.)

ನಮ್ಮ ಅರಬ್ಬೀ ಸಮುದ್ರದಲ್ಲಿಯೂ ನೀರು ಬಲಕ್ಕೇ ಬಾಗುತ್ತದೆ. ಗಾಳಿ ಮಾತ್ರ ವರ್ಷವಿಡೀ ಒಂದೇ ದಿಕ್ಕಿನದಲ್ಲ. ನೈಋತ್ಯ ಮಾರುತದ ಕಾಲದಲ್ಲಿ ಅಲ್ಲಿ ಪ್ರದಕ್ಷಿಣೆ. ಆಗ ಕಾರವಾರ-ಮಂಗಳೂರುಗಳ ಮುಂದಿನ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ. ಚಳಿಗಾಲ ಬಂದು ಗಾಳಿ ತಿರುಗಿತೆಂದರೆ, ಅದೇ ನೀರು ಉತ್ತರಕ್ಕೆ ಮುಖಮಾಡುತ್ತದೆ.