ಮಣ್ಣಿಗೆ ಎರಡು ಸಾವಿರ ಕೋಟಿಯೇ?

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಚಂದ್ರಯಾನ-4ರ ವಿರುದ್ಧ ಮಾತಾಡಿದವರಲ್ಲಿ ನಾನೂ ಒಬ್ಬಳು. "ಚಂದ್ರನ ಮಣ್ಣು ತರಲು 2,104 ಕೋಟಿ ರೂಪಾಯಿ! ಅದೇ ಹಣದಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆ ಕಟ್ಟಬಹುದಿತ್ತು?" ಎಂದಾಗ ಜೋರು ಚಪ್ಪಾಳೆ ಬಿತ್ತು. ಆ ವಾದ ನನಗೆ ಕೊಟ್ಟವರು ಕಮಲಾಪುರದ ನನ್ನ ನಾನಿ. ಟಿವಿಯಲ್ಲಿ ಸುದ್ದಿ ನೋಡಿ ಅವರು, "ಮಿಟ್ಟಿ ಲಾನೇಕು ಇತ್ತಾ ದೂರ ಕಾಯ್ಕು?" ಎಂದಿದ್ದರು. ಮಣ್ಣು ತರಲು ಅಷ್ಟು ದೂರ ಯಾಕೆ ಎಂದು. ಬೇಸಿಗೆಯಲ್ಲಿ ಕೊಡ ಹಿಡಿದು ನೀರಿನ ಟ್ಯಾಂಕರ್ ಕಾಯುವವರಿಗೆ ಹಾಗೆ ಕೇಳುವ ಹಕ್ಕಿದೆ.

ಈಗ ನನ್ನ ಅಭಿಪ್ರಾಯ ಬದಲಾಗಿದೆ. ಯಾಕೆಂದು ಲೆಕ್ಕದ ಸಮೇತ ಹೇಳುತ್ತೇನೆ.

ಕೇಂದ್ರ ಸಚಿವ ಸಂಪುಟ ಈ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದು 2024ರ ಸೆಪ್ಟೆಂಬರ್ 18ರಂದು. ಇದರಲ್ಲಿ ಮನುಷ್ಯರು ಹೋಗುವುದಿಲ್ಲ. ಐದು ಘಟಕಗಳ ನೌಕೆಯನ್ನು ಎರಡು ರಾಕೆಟ್‌ಗಳಲ್ಲಿ ಕಳಿಸಿ ಬಾಹ್ಯಾಕಾಶದಲ್ಲೇ ಜೋಡಿಸಬೇಕು. ಅದು ಚಂದ್ರನ ಮೇಲೆ ಇಳಿದು, ಮಣ್ಣು ತುಂಬಿಕೊಂಡು, ಅಲ್ಲಿಂದ ಮೇಲೆದ್ದು, ಭೂಮಿಗೆ ಮರಳಬೇಕು. ಇಳಿಯುವುದನ್ನು 2023ರ ಆಗಸ್ಟ್ 23ರಂದು ಕಲಿತೆವು. ಅದೇ ವಿಕ್ರಮ್ ಲ್ಯಾಂಡರ್ ಕೆಲವು ದಿನಗಳ ನಂತರ ಚಂದ್ರನ ಮೇಲೆ ಸುಮಾರು 40 ಸೆಂಟಿಮೀಟರ್ ಎತ್ತರ ಜಿಗಿದು ತೋರಿಸಿತು. ಎರಡು ನೌಕೆಗಳನ್ನು ಜೋಡಿಸುವುದು 2025ರ ಜನವರಿ 16ರಂದು ಕೈಗೂಡಿತು. ಮರಳಿ ತರುವುದು ಬಾಕಿ ಇದೆ.

ಅಲ್ಲೇ ಪರೀಕ್ಷೆ ಮಾಡಿದರೆ ಸಾಲದೇ? ಪ್ರಜ್ಞಾನ್ ರೋವರ್ ಅಲ್ಲಿ ಗಂಧಕ ಇದೆಯೆಂದು ಪತ್ತೆ ಹಚ್ಚಿತು, ನಿಜ. ಆದರೆ ಕಲ್ಲಿನ ವಯಸ್ಸನ್ನು ಖಚಿತವಾಗಿ ಹೇಳಲು ದೊಡ್ಡ ಉಪಕರಣಗಳು ಬೇಕು. ಅವನ್ನು ರೋವರ್ ಮೇಲೆ ಹೇರಲು ಆಗುವುದಿಲ್ಲ. ಚೀನಾ 2020ರಲ್ಲಿ 1,731 ಗ್ರಾಂ ಮಣ್ಣು ತಂದ ಮೇಲೆಯೇ ಆ ಜಾಗದ ಲಾವಾ ಸುಮಾರು 200 ಕೋಟಿ ವರ್ಷ ಹಳೆಯದೆಂದು ಗೊತ್ತಾಯಿತು. ನಮ್ಮ ವಿಜ್ಞಾನಿಗಳು ಇಷ್ಟು ದಿನ ಅಮೆರಿಕ, ರಷ್ಯಾದವರು ತಂದ ಮಣ್ಣನ್ನು ಕೇಳಿ ಪಡೆದು ಪರೀಕ್ಷಿಸಿದ್ದಾರೆ.

ಇನ್ನು ಹಣದ ಮಾತು. 2,104 ಕೋಟಿಯನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ 15 ರೂಪಾಯಿ, ಒಂದೂವರೆ ಕಪ್ ಚಹಾ ಎಂದು ಕೆಲವರು ಹೇಳುತ್ತಾರೆ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಹೀಗೆ ಭಾಗಿಸಿದರೆ ಯಾವ ದುಂದುವೆಚ್ಚವೂ ಸಣ್ಣದಾಗಿಯೇ ಕಾಣುತ್ತದೆ. ಕಾಮರ್ಸ್‌ನವರು ಕೇಳಬೇಕಾದ ಪ್ರಶ್ನೆ ಬೇರೆ: ಇದು ರಾಜಸ್ವ ವೆಚ್ಚವೋ, ಬಂಡವಾಳ ವೆಚ್ಚವೋ? ಖರ್ಚಾದ ಮೇಲೆ ಕೈಯಲ್ಲಿ ಆಸ್ತಿ ಉಳಿಯುತ್ತದೆಯೋ ಇಲ್ಲವೋ?

ಇದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಚಂದ್ರಯಾನ-2ರ ಲ್ಯಾಂಡರ್ ಮತ್ತು ರೋವರ್ ಪರೀಕ್ಷೆಗೆ ಚಂದ್ರನಂಥ ಮಣ್ಣು ಬೇಕಾಗಿತ್ತು. ಅಮೆರಿಕದಿಂದ ಕೊಂಡರೆ ಕಿಲೋಗೆ 150 ಡಾಲರ್, ಬೇಕಾದದ್ದು 60-70 ಟನ್ ಎಂದು ಆಗ ಬೆಂಗಳೂರಿನ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದ ಎಂ. ಅಣ್ಣಾದೊರೈ ಹೇಳಿದ್ದರು. 60 ಟನ್ನಿಗೇ 90 ಲಕ್ಷ ಡಾಲರ್ ಆಗುತ್ತದೆ. ಆದರೆ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಹಳ್ಳಿಗಳಲ್ಲಿ ಚಂದ್ರನ ಕಲ್ಲನ್ನು ಹೋಲುವ ಅನಾರ್ಥೊಸೈಟ್ ಕಲ್ಲು ಸಿಕ್ಕಿತು. ಅದನ್ನೇ ಪುಡಿ ಮಾಡಿ ಬೆಂಗಳೂರಿಗೆ ತಂದರು. ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಕೈಜೋಡಿಸಿದರು. ಇಸ್ರೋಗೆ ಪೇಟೆಂಟ್ ಕೂಡ ಸಿಕ್ಕಿತು. ಉಳಿಯುವ ಆಸ್ತಿ ಎಂದರೆ ಇದು. ಚಂದ್ರಯಾನ-4ರಲ್ಲೂ ತಂದ ಮಣ್ಣನ್ನು ಕಾಪಿಟ್ಟು ಪರೀಕ್ಷಿಸುವ ಪ್ರಯೋಗಾಲಯಗಳು ರಾಷ್ಟ್ರೀಯ ಆಸ್ತಿ ಆಗುತ್ತವೆ ಎಂದು ಸರ್ಕಾರವೇ ಹೇಳಿದೆ.

ಹಾಗಾದರೆ ಆ ಆಸ್ತಿಯಲ್ಲಿ ನಮ್ಮ ಪಾಲೆಷ್ಟು? ಚರ್ಚೆಯಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಇದು. ಸೇಲಂನವರು ಕೈಜೋಡಿಸಿದ ಹಾಗೆ ಕಲಬುರಗಿಯವರೂ ಯಾಕೆ ಕೈಜೋಡಿಸಬಾರದು? ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುವವರಿದ್ದಾರೆ. ಅಮೆರಿಕ, ಚೀನಾ ತಮ್ಮ ಮಣ್ಣನ್ನು ಬೇರೆ ದೇಶದ ಸಂಶೋಧಕರಿಗೂ ಕೊಟ್ಟಿವೆ. ನಮ್ಮ ಮಣ್ಣಿನ ಒಂದು ಚಿಟಿಕೆ ಇಲ್ಲಿಗೂ ಬರಲಿ. ಅದರ ಫಲಿತಾಂಶ ಕನ್ನಡದಲ್ಲೂ ಉರ್ದುವಿನಲ್ಲೂ ನಮ್ಮ ಕೈಗೆ ಸಿಗಲಿ. ಶಾಲೆ ಮತ್ತು ನೀರಿನ ಬೇಡಿಕೆಯನ್ನು ಬಿಡಬೇಕಿಲ್ಲ, ಅದನ್ನು ಕೇಳಬೇಕಾದ ಕಡೆ ಇನ್ನೂ ಜೋರಾಗಿ ಕೇಳೋಣ. ಆದರೆ ಒಂದನ್ನು ಪಡೆಯಲು ಇನ್ನೊಂದನ್ನು ಕೈಬಿಡಬೇಕೆಂದು ವಾದಿಸಿದರೆ, ಎರಡೂ ಬೇರೆಯವರಿಗೇ ಸೇರಿದ್ದು ಎಂದು ನಾವೇ ಒಪ್ಪಿಕೊಂಡಂತೆ.

ಈ ಸಲ ಈದ್ ಚಾಂದ್ ನೋಡಲು ನಾನಿ ಕೋಟೆ ಹತ್ತಿರದ ನಮ್ಮ ಮನೆಗೆ ಬಂದಿದ್ದರು. ಮಾಳಿಗೆ ಮೇಲೆ ನಿಂತಾಗ ನಾನು, ಚಂದ್ರನ ಮೇಲೆ ಕಾಣುವ ಕಪ್ಪು ಕಲೆ ಬಸಾಲ್ಟ್ ಕಲ್ಲು, ನಮ್ಮ ತೊಗರಿ ಹೊಲದ ಎರೆ ಮಣ್ಣೂ ಬಸಾಲ್ಟ್ ಸವೆದು ಆದದ್ದೇ ಎಂದೆ. ಅಲ್ಲಿ ನೀರು, ಗಾಳಿ ಇಲ್ಲದ್ದರಿಂದ ಏನೂ ಬೆಳೆಯಲಿಲ್ಲ ಎಂದೂ ಹೇಳಿದೆ. ನಾನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಂದರೆ ನನಗೂ ತೋರಿಸು" ಎಂದರು.