ಸಿಕ್ಕಿಂ ಮಾದರಿ ಅಂದ್ರೆ ಬರೀ ಗೊಬ್ಬರದ ಮಾತಲ್ಲ

ಸಾವಯವದ ಸಭೆ ಎಲ್ಲೇ ನಡೀಲಿ, ಭಾಷಣದ ಮಧ್ಯೆ ಸಿಕ್ಕಿಂ ಬಂದೇ ಬರುತ್ತೆ. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಲ್ಲ ಅಂತ ಒಬ್ರು ಕೇಳ್ತಾರೆ. ನಾನೂ ಯೂರಿಯಾ ಚೀಲ ಬಿಟ್ಟವನೇ, ಆ ಆಸೆ ನನಗೂ ಇದೆ. ಆದ್ರೆ ಅಲ್ಲಿ ಅದು ಹೇಗಾಯ್ತು ಅಂತ ನೋಡೋಕೆ ಹೊಲಕ್ಕಿಂತ ಮೊದಲು ಗ್ಯಾಂಗ್ಟಾಕ್‌ನ ವಿಧಾನಸಭೆಗೆ ಹೋಗಬೇಕು ಅನ್ನೋದು ನನ್ನ ಅಭಿಪ್ರಾಯ.

2011ರ ಜನಗಣತಿ ಪ್ರಕಾರ ಸಿಕ್ಕಿಂ ಜನಸಂಖ್ಯೆ 6.1 ಲಕ್ಷ. ವಿಧಾನಸಭೆಗೆ 32 ಸೀಟು, ಲೋಕಸಭೆಗೆ ಒಂದೇ. 32ರಲ್ಲಿ ಒಂದು ಬೌದ್ಧ ಸನ್ಯಾಸಿಗಳದ್ದು, ಅದಕ್ಕೆ ಮಠಗಳವರು ಮಾತ್ರ ಓಟು ಹಾಕ್ತಾರೆ, ದೇಶದಲ್ಲೇ ಅಂಥದ್ದು ಇನ್ನೊಂದಿಲ್ಲ. ಒಬ್ಬ ಶಾಸಕನಿಗೆ ಸರಾಸರಿ ಹದಿನಾಲ್ಕು–ಹದಿನೈದು ಸಾವಿರ ಮತದಾರರು. ನಮ್ಮಲ್ಲಿ ಆ ಲೆಕ್ಕ ಎರಡು ಲಕ್ಷ ದಾಟುತ್ತೆ. ನಮ್ಮ ನಾಲ್ಕೈದು ಗ್ರಾಮ ಪಂಚಾಯ್ತಿ ಸೇರಿದ್ರೆ ಅಲ್ಲೊಬ್ಬ ಎಂಎಲ್‌ಎ ಅನ್ಕೊಳ್ಳಿ.

ಇಷ್ಟು ಚಿಕ್ಕ ರಾಜ್ಯದಲ್ಲಿ ಸರ್ಕಾರದ ಮಾತು ಬೇಗ ಹೊಲ ಮುಟ್ಟುತ್ತೆ. ಹೊಲದ ಮಾತು ಸರ್ಕಾರ ಮುಟ್ಟುತ್ತಾ?

1989ರಲ್ಲಿ ಭಂಡಾರಿಯವರ ಪಕ್ಷಕ್ಕೆ 32ಕ್ಕೆ 32. 1994ರಿಂದ 2019ರವರೆಗೆ ಪವನ್ ಕುಮಾರ್ ಚಾಮ್ಲಿಂಗ್. ಅವರ ಎಸ್‌ಡಿಎಫ್‌ಗೆ 2004ರಲ್ಲಿ 31, 2009ರಲ್ಲಿ ಪೂರ್ತಿ 32. ಸಾವಯವದ ಘೋಷಣೆ 2003ರಲ್ಲೇ ಆಗಿತ್ತು. ಆಮೇಲೆ ರಾಸಾಯನಿಕ ಗೊಬ್ಬರದ ಸಬ್ಸಿಡಿ ನಿಂತಿತು. 2010ರಲ್ಲಿ ಆರ್ಗ್ಯಾನಿಕ್ ಮಿಷನ್ ಶುರುವಾದಾಗ ಎದುರು ಸಾಲಲ್ಲಿ ಒಬ್ಬನೂ ಇರಲಿಲ್ಲ. ಬಳಸಿದ್ರೆ ದಂಡ, ಜೈಲು ಅನ್ನೋ ಕಾಯ್ದೆಯೂ ಬಂತು. 2016ರ ಜನವರಿಯಲ್ಲಿ ಪ್ರಧಾನಿ ಬಂದು ಪೂರ್ಣ ಸಾವಯವ ರಾಜ್ಯ ಅಂದ್ರು, ಸುಮಾರು 75 ಸಾವಿರ ಹೆಕ್ಟೇರ್. ಚಾಮ್ಲಿಂಗ್‌ರಿಗೆ ಸಲ್ಲಬೇಕಾದ್ದು ಸಲ್ಲಲಿ: ಹದಿಮೂರು ವರ್ಷ ಪಟ್ಟು ಬಿಡದೆ ಮಾಡಿದ್ರು. ಶ್ರೀಲಂಕಾದವರು 2021ರಲ್ಲಿ ರಾತ್ರೋರಾತ್ರಿ ಮಾಡೋಕೆ ಹೋಗಿ ಏನಾಯ್ತು ಅಂತ ನೋಡಿದ್ದೀವಲ್ಲ.

ಅದೇ ಸದನದ ಕಾಲದ ಇನ್ನೊಂದು ಕತೆ ತೀಸ್ತಾ ನದಿಯದ್ದು. ಒಂದರ ಮೇಲೊಂದು ಜಲವಿದ್ಯುತ್ ಯೋಜನೆ. ಸದನದೊಳಗೆ ಕೇಳೋರಿರಲಿಲ್ಲ, ಅದಕ್ಕೇ ಜೋಂಗು ಕಡೆಯ ಲೆಪ್ಚಾ ಹುಡುಗರು 2007ರಲ್ಲಿ ಗ್ಯಾಂಗ್ಟಾಕ್‌ನಲ್ಲಿ ಉಪವಾಸ ಕೂತ್ರು. ಕೆಲವು ಯೋಜನೆ ಕೈಬಿಟ್ರು. ಚುಂಗ್ತಾಂಗ್‌ನ 1200 ಮೆಗಾವಾಟ್‌ದು ಮಾತ್ರ ಕಟ್ಟಿಯೇ ಬಿಟ್ರು. ಮೇಲಿನ ಹಿಮದ ಕೆರೆ ಅಪಾಯದ್ದು ಅಂತ ವಿಜ್ಞಾನಿಗಳು ವರ್ಷಗಳಿಂದ ಹೇಳ್ತಿದ್ರು. 2023ರ ಅಕ್ಟೋಬರ್ 4ರಂದು ಕೆರೆ ಒಡೀತು, ಅಣೆಕಟ್ಟು ಕೊಚ್ಚಿಹೋಯ್ತು, ಜನ ಸತ್ರು, ದಂಡೆಯ ಗದ್ದೆಗಳೂ ಹೋದವು.

ಸರ್ಕಾರ ಬದಲಾದ್ರೆ ಸರಿಯಾಗುತ್ತೆ ಅನ್ನಬಹುದು. 2019ರಲ್ಲಿ ಬದಲಾಯ್ತಲ್ಲ. ಎಸ್‌ಕೆಎಂಗೆ 17, ಎಸ್‌ಡಿಎಫ್‌ಗೆ 15, ಒಳ್ಳೇ ಜೋಡಿ. ಮೂರು ತಿಂಗಳೊಳಗೆ ಎಸ್‌ಡಿಎಫ್‌ನ ಹತ್ತು ಜನ ಒಂದೇ ದಿನ ಬಿಜೆಪಿಗೆ ಹಾರಿದ್ರು, ಇಬ್ಬರು ಆಳುವ ಪಕ್ಷಕ್ಕೆ. ಚುನಾವಣೇಲಿ ಒಂದೂ ಸೀಟು ಗೆಲ್ಲದ ಪಕ್ಷ ಸದನದಲ್ಲಿ ಎರಡನೇ ದೊಡ್ಡ ಪಕ್ಷ! ಚಾಮ್ಲಿಂಗ್ ಒಬ್ಬರೇ ಉಳಿದ್ರು. 2024ರಲ್ಲಿ ಪ್ರೇಮ್ ಸಿಂಗ್ ತಮಾಂಗ್‌ರ ಎಸ್‌ಕೆಎಂಗೆ 31. ಕಾಲು ಭಾಗಕ್ಕಿಂತ ಹೆಚ್ಚು ಓಟು ಪಡೆದ ಎಸ್‌ಡಿಎಫ್‌ಗೆ ಒಂದು, ಅವರೂ ತಿಂಗಳೆರಡರಲ್ಲಿ ಆಚೆ ದಾಟಿದ್ರು.

ಇದರಿಂದ ರೈತನಿಗೇನು ಅಂದ್ರೆ ಏಲಕ್ಕಿ ನೋಡಿ. ಸಿಕ್ಕಿಂನವರ ಕೈಗೆ ಕಾಸು ಬರೋದು ದೊಡ್ಡ ಏಲಕ್ಕಿಯಿಂದ. ನಮ್ಮ ಏಲಕ್ಕಿಗೆ ಕಟ್ಟೆ ರೋಗ ಇದ್ದ ಹಾಗೆ ಅದಕ್ಕೆ ಚಿರ್ಕೆ, ಫೂರ್ಕೆ ಅಂತ ಎರಡು ನಂಜು ರೋಗ. ಎಲ್ಲವನ್ನೂ ಹರಡೋದು ಸಸ್ಯಹೇನೇ. ಕಟ್ಟೆ ಬಂದ ಬುಡಕ್ಕೆ ಯಾವ ಔಷಧಿಯೂ ಇಲ್ಲ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಕಿತ್ತು ಸುಡಬೇಕು, ರೋಗ ಇಲ್ಲದ ಸಸಿ ನೆಡಬೇಕು, ಫಸಲು ಬರೋವರೆಗೆ ಎರಡು ಮೂರು ವರ್ಷ ಹೊಟ್ಟೆ ನೋಡ್ಕೋಬೇಕು. ಇಲ್ಲಿ ಗೊಬ್ಬರ ಯಾವುದು ಅನ್ನೋದು ಪ್ರಶ್ನೆಯೇ ಅಲ್ಲ. ಸಸಿ ಎಲ್ಲಿಂದ, ಪರಿಹಾರ ಎಷ್ಟು, ಸಾವಯವದ ಚೀಟಿ ಅಂಟಿದ ಮಾಲಿಗೆ ಮಾರ್ಕೆಟ್‌ನಲ್ಲಿ ಹೆಚ್ಚಿನ ದರ ಸಿಕ್ತಾ? ಇದನ್ನ ಮಂತ್ರಿಯ ಮುಖ ನೋಡಿ ಕೇಳೋಕೆ ಅವನ ಪಕ್ಷದವನಲ್ಲದ ಒಬ್ಬ ಬೇಕು. ಅವನದೇ ಪಕ್ಷದವನು ಎಷ್ಟೂಂತ ಕೇಳ್ಯಾನು?

ನಮ್ಮ ಸದನದ ಗಲಾಟೆ ಟಿವಿಯಲ್ಲಿ ಬಂದ್ರೆ ನಾನೂ ಚಾನೆಲ್ ಬದಲಾಯಿಸ್ತೀನಿ, ಸುಳ್ಳು ಯಾಕೆ. ಆದ್ರೆ ಅಡಿಕೆಯ ಎಲೆಚುಕ್ಕಿ ರೋಗದ ಮಾತು ಎದ್ದದ್ದೂ ಅದೇ ಗಲಾಟೆಯೊಳಗೆ. ಮಂತ್ರಿ ನಿಂತು ಉತ್ತರ ಕೊಡಬೇಕಾಯ್ತು. ಪರಿಹಾರ ಎಷ್ಟು ಬಂತು, ಯಾರಿಗೆ ಬಂತು ಅನ್ನೋದು ಬೇರೆ ಜಗಳ, ಅದನ್ನ ಇನ್ನೊಂದು ದಿನ ಬರೀತೀನಿ. ಸಿಕ್ಕಿಂನಲ್ಲಿ ಮುಂದಿನ ವಿಧಾನಸಭೆ ಚುನಾವಣೆ 2029ಕ್ಕೆ.