ಒಂಟಿ ಸಾಹಸಕ್ಕೂ ಹತ್ತು ಜನರ ಆಸರೆ ಬೇಕು

ಒಬ್ಬರೇ ವಿದೇಶಕ್ಕೆ ಹೋಗಿ ಸೇತುವೆಯಿಂದ ಜಿಗಿದು, ವಿಮಾನದಿಂದ ಹಾರಿ, ನಾಲ್ಕು ದಿನ ಕಾಡು ಸುತ್ತಿ ಬಂದವರನ್ನು ಕಂಡರೆ ನಾವು ಮೊದಲು ಮೆಚ್ಚುವುದು ಅವರ ಎದೆಗಾರಿಕೆಯನ್ನು. ಮನೆಯವರು ಬೈಯುವುದೂ ಆ ಎದೆಗಾರಿಕೆಯನ್ನೇ. ಹೊಗಳುವವರೂ ಬೈಯುವವರೂ ಒಂದು ಸಂಗತಿಯನ್ನು ಗಮನಿಸುವುದಿಲ್ಲ: ಹಾಗೆ ಹೋದವರು ಕ್ಷೇಮವಾಗಿ ಮರಳುವುದಕ್ಕೆ ಅವರ ಧೈರ್ಯಕ್ಕಿಂತ ಹೆಚ್ಚಾಗಿ ಆ ದೇಶದ ಕಾನೂನು, ತಪಾಸಣೆ, ಹವಾಮಾನ ಮುನ್ಸೂಚನೆ, ರಕ್ಷಣಾ ತಂಡ ಮತ್ತು ಅಲ್ಲಿನ ತೆರಿಗೆದಾರರ ಹಣ ಕಾರಣ. ಆದ್ದರಿಂದ ಒಂಟಿ ಸಾಹಸ ಪ್ರವಾಸಕ್ಕೆ ದೇಶವನ್ನು ಆರಿಸುವಾಗ ಅಲ್ಲಿನ ಬೆಟ್ಟ ಸರೋವರಗಳ ಚಿತ್ರಗಳಿಗೆ ಮೊದಲು ಅಲ್ಲಿನ ಸುರಕ್ಷತಾ ವ್ಯವಸ್ಥೆಯನ್ನು ನೋಡಬೇಕು ಎಂಬುದು ನನ್ನ ವಾದ. ಇದಕ್ಕೆ ನ್ಯೂಜಿಲೆಂಡ್ ಒಳ್ಳೆಯ ಉದಾಹರಣೆ. ಆ ದೇಶ ಎಡವಿಯೂ ಇದೆ, ಎಡವಿದ ಮೇಲೆ ಕಲಿತೂ ಇದೆ.

ಕ್ವೀನ್ಸ್‌ಟೌನ್ ಪಟ್ಟಣದ ಹತ್ತಿರ ಕವಾರೌ ನದಿಗೆ 1880ರಲ್ಲಿ ಕಟ್ಟಿದ ತೂಗುಸೇತುವೆಯೊಂದಿದೆ. ಎ.ಜೆ. ಹ್ಯಾಕೆಟ್ ಮತ್ತು ಹೆನ್ರಿ ವಾನ್ ಆಶ್ ಎಂಬ ಇಬ್ಬರು 1988ರ ನವೆಂಬರಿನಲ್ಲಿ ಈ ಸೇತುವೆಯ ಮೇಲೆ, 43 ಮೀಟರ್ ಎತ್ತರದಿಂದ ಕಾಲಿಗೆ ರಬ್ಬರ್ ಹಗ್ಗ ಕಟ್ಟಿಕೊಂಡು ಜಿಗಿಯುವ ಬಂಜಿ ಕೇಂದ್ರ ತೆರೆದರು. ಅದರ ಹಿಂದಿನ ವರ್ಷ ಹ್ಯಾಕೆಟ್ ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಜಿಗಿದು ಪೊಲೀಸರ ಕೈಗೆ ಸಿಕ್ಕಿದ್ದರು. ಕವಾರೌನಲ್ಲಿ ಅದೇ ಮನುಷ್ಯ ಸರ್ಕಾರದ ಪ್ರಕೃತಿ ಸಂರಕ್ಷಣಾ ಇಲಾಖೆಯ ಪರವಾನಗಿ ಪಡೆದು ವ್ಯವಹಾರ ಆರಂಭಿಸಿದರು. ಹುಚ್ಚಾಟವೆಂದು ಬಂಧಿಸುವಂತಿದ್ದ ಕೆಲಸ ಎರಡೇ ವರ್ಷದಲ್ಲಿ ಅಧಿಕೃತ ಉದ್ಯಮವಾಯಿತು. ಇಂದು ಅಲ್ಲಿ ಜಿಗಿಯಲು ಬಂದವರನ್ನು ತೂಕ ಮಾಡಿ, ಆ ಅಂಕಿಯನ್ನು ಕೈಮೇಲೆ ಬರೆದು, ತೂಕಕ್ಕೆ ತಕ್ಕ ಹಗ್ಗ ಆರಿಸುತ್ತಾರೆ. ಜಿಗಿಯುವ ಗಳಿಗೆಯಲ್ಲಿ ಧೈರ್ಯ ಬೇಕು, ನಿಜ. ಆದರೆ ಅದಕ್ಕೆ ಮುಂಚಿನ ತೂಕ, ಹಗ್ಗ, ಗಂಟು, ಕೊಕ್ಕೆಗಳೆಲ್ಲ ಶಿಸ್ತಿನ ಕೆಲಸಗಳು, ಅದೂ ಬೇರೆಯವರು ಮಾಡುವ ಕೆಲಸಗಳು. ಅಲ್ಲಿ ನೀವು ಒಬ್ಬರೇ ಬಂದಿದ್ದೀರೋ ಹತ್ತು ಗೆಳೆಯರೊಡನೆ ಬಂದಿದ್ದೀರೋ ಎಂಬುದರಿಂದ ಅಪಾಯ ಒಂದಿಷ್ಟೂ ಏರುಪೇರಾಗುವುದಿಲ್ಲ.

ಈ ಶಿಸ್ತು ಅಲ್ಲಿಯೂ ಸುಮ್ಮನೆ ಬಂದದ್ದಲ್ಲ. 2008ರಲ್ಲಿ ಇದೇ ಕವಾರೌ ನದಿಯಲ್ಲಿ, ಹಲಗೆ ಹಿಡಿದು ಪ್ರವಾಹದಲ್ಲಿ ತೇಲುವ ಆಟವಾಡುತ್ತಿದ್ದ ಬ್ರಿಟಿಷ್ ಯುವತಿಯೊಬ್ಬಳು ಬಂಡೆಯಡಿ ಸಿಕ್ಕಿ ಸತ್ತಳು. ಆಕೆಯ ತಂದೆ ಪ್ರಧಾನಿ ಜಾನ್ ಕೀ ಅವರಿಗೆ ಪತ್ರ ಬರೆದರು. ಸರ್ಕಾರ ಇಡೀ ಸಾಹಸ ಉದ್ಯಮವನ್ನು ಪರಿಶೀಲನೆಗೆ ಒಳಪಡಿಸಿತು. ಅದರ ಫಲವಾಗಿ 2011ರಲ್ಲಿ ಸಾಹಸ ಚಟುವಟಿಕೆಗಳ ನಿಯಮಾವಳಿ ಬಂತು, 2016ರಲ್ಲಿ ಅದನ್ನು ಹೊಸದಾಗಿ ರೂಪಿಸಲಾಯಿತು. ಅದರಂತೆ ಹಣ ಪಡೆದು ಬಂಡೆ ಹತ್ತಿಸುವವರು, ಹಿಮನದಿಯ ಮೇಲೆ ನಡೆಸುವವರು, ಗುಹೆಗೆ ಇಳಿಸುವವರು ಸ್ವತಂತ್ರ ಪರಿಶೋಧಕರಿಂದ ಸುರಕ್ಷತಾ ತಪಾಸಣೆ ಮಾಡಿಸಿಕೊಂಡು ನೋಂದಣಿ ಪಡೆಯಲೇಬೇಕು. ನೋಂದಣಿಯಾದವರ ಪಟ್ಟಿಯನ್ನು ವರ್ಕ್‌ಸೇಫ್ ಎಂಬ ಸರ್ಕಾರಿ ಸಂಸ್ಥೆ ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತದೆ. ಬೆಂಗಳೂರಿನ ಕೋಣೆಯಲ್ಲಿ ಕುಳಿತು ಟಿಕೆಟ್ ಕಾದಿರಿಸುವವರೂ ಆ ಪಟ್ಟಿಯನ್ನು ತೆರೆದು ನೋಡಬಹುದು. ಸ್ಕೈಡೈವಿಂಗ್ ಮಾತ್ರ ನಾಗರಿಕ ವಿಮಾನಯಾನ ಪ್ರಾಧಿಕಾರದ ಕೆಳಗೆ ಬರುತ್ತದೆ, ಜೆಟ್ ಬೋಟ್ ಮತ್ತು ರ‍್ಯಾಫ್ಟಿಂಗ್ ಜಲಸಾರಿಗೆ ಪ್ರಾಧಿಕಾರದ ಕೆಳಗೆ. ಜತೆಯಲ್ಲಿ ಯಾರೂ ಇಲ್ಲದೆ ಹೋಗುವವರಿಗೆ ಈ ಪಟ್ಟಿಗಳು ಜತೆಗಾರರ ಸಲಹೆಗಿಂತ ಹೆಚ್ಚು ಬೆಲೆಬಾಳುತ್ತವೆ.

ಇದಕ್ಕಿಂತ ದೊಡ್ಡ ಆಸರೆ ಅಲ್ಲಿನ ಅಪಘಾತ ಪರಿಹಾರ ಯೋಜನೆ. 1967ರ ವುಡ್‌ಹೌಸ್ ವರದಿಯಿಂದ ಹುಟ್ಟಿ 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಯೋಜನೆಯಲ್ಲಿ ತಪ್ಪು ಯಾರದೆಂದು ಕೇಳದೆ ಗಾಯಾಳುವಿನ ಚಿಕಿತ್ಸಾ ವೆಚ್ಚವನ್ನು ಭರಿಸುತ್ತಾರೆ. ದೇಶದ ಪ್ರಜೆ, ಹೊರಗಿನ ಪ್ರವಾಸಿ ಎಂಬ ಭೇದ ಗಾಯದ ಚಿಕಿತ್ಸೆಗಿಲ್ಲ. ಕ್ವೀನ್ಸ್‌ಟೌನಿನ ಗುಡ್ಡದಲ್ಲಿ ಕಾಲು ಮುರಿದುಕೊಂಡ ಕನ್ನಡಿಗನ ಚಿಕಿತ್ಸೆಗೂ ಅಲ್ಲಿ ನೆರವು ಸಿಗುತ್ತದೆ. ಇದಕ್ಕೆ ಪ್ರತಿಯಾಗಿ ಬಿಟ್ಟುಕೊಡಬೇಕಾದ ಹಕ್ಕೂ ಒಂದಿದೆ: ಗಾಯದ ಪರಿಹಾರ ಕೇಳಿ ಸಾಹಸ ಕಂಪನಿಯ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಅಲ್ಲಿ ಸಾಹಸ ಉದ್ಯಮ ಇಷ್ಟು ಹುಲುಸಾಗಿ ಬೆಳೆಯಲು ಇದೂ ಒಂದು ಕಾರಣ. ಮೊಕದ್ದಮೆಯ ಭಯವಿಲ್ಲದ ಕಡೆ ಕಂಪನಿಗಳು ಸಡಿಲವಾಗುವ ಅಪಾಯವಿದ್ದೇ ಇದೆ, ಹಾಗಾಗಿಯೇ ಸರ್ಕಾರದ ತಪಾಸಣೆ ಅಲ್ಲಿ ಅಷ್ಟು ಮುಖ್ಯವಾಗುತ್ತದೆ. ಈ ಯೋಜನೆಗೆ ಮಿತಿಗಳೂ ಇವೆ. ಜ್ವರ, ಎದೆನೋವು ಮುಂತಾದ ಕಾಯಿಲೆಗಳು ಇದರಲ್ಲಿ ಸೇರುವುದಿಲ್ಲ. ರೋಗಿಯನ್ನು ಭಾರತಕ್ಕೆ ಕರೆತರುವ ವಿಮಾನದ ಖರ್ಚೂ ಸೇರುವುದಿಲ್ಲ. ಅದಕ್ಕೆ ಪ್ರವಾಸ ವಿಮೆ ಬೇಕು. ನಮ್ಮಲ್ಲಿ ಮಾರುವ ಅನೇಕ ಪ್ರವಾಸ ವಿಮೆಗಳು ಸಾಹಸ ಕ್ರೀಡೆಯ ಗಾಯವನ್ನು ಹೊರಗಿಡುತ್ತವೆ, ಹೆಚ್ಚುವರಿ ಕಂತು ಕಟ್ಟಿದರೆ ಮಾತ್ರ ಒಳಗೆ ಸೇರಿಸುತ್ತವೆ. ಅಗ್ಗದ ಪಾಲಿಸಿ ಕೊಂಡು, ಅದರ ಷರತ್ತು ಓದದೆ ಬಂಜಿಗೆ ಹಣ ಕಟ್ಟುವುದು ಧೈರ್ಯವೆನಿಸಿಕೊಳ್ಳುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಮಾರ್ಗದರ್ಶಕರ ಕೈಯಲ್ಲಿರುವ ಸಾಹಸಗಳ ಮಾತು. ಒಂಟಿಯಾಗಿರುವುದರ ನಿಜವಾದ ಅಪಾಯ ಕಾಣಿಸಿಕೊಳ್ಳುವುದು ಮಾರ್ಗದರ್ಶಕರಿಲ್ಲದ ಕಾಡುದಾರಿಯಲ್ಲಿ, ಅದರಲ್ಲೂ ಹೊಳೆ ದಾಟುವಾಗ. ದಕ್ಷಿಣ ದ್ವೀಪದ ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6 ಮೀಟರಿಗೂ ಮೀರಿ ಮಳೆ ಬೀಳುತ್ತದೆ. ಆಗುಂಬೆಯ ಮಳೆ ಕಂಡವರಿಗೆ ಈ ಅಂಕಿ ಹೊಸತೆನಿಸದು. ಆದರೆ ನಮ್ಮ ಮಲೆನಾಡಿನ ಮಳೆಗೆ ತಿಂಗಳುಗಳ ಲೆಕ್ಕವಿದೆ, ಅಲ್ಲಿನ ಮಳೆ ವರ್ಷದ ಯಾವ ದಿನವೂ ಬರಬಹುದು. ಕಡಿದಾದ ಕಲ್ಲುಬೆಟ್ಟಗಳ ಮೇಲೆ ಬಿದ್ದ ನೀರು ಗಂಟೆಗಳಲ್ಲೇ ಕೆಳಗಿನ ಹೊಳೆಗಳನ್ನು ಉಕ್ಕಿಸುತ್ತದೆ, ಮಳೆ ನಿಂತರೆ ಅಷ್ಟೇ ಬೇಗ ಇಳಿಯುತ್ತದೆ. ಅಲ್ಲಿನ ಚಾರಣಿಗರು ಸೇತುವೆಯಿಲ್ಲದ ಹೊಳೆಯನ್ನು ಒಬ್ಬರ ಬೆನ್ನ ಹಿಂದೆ ಇನ್ನೊಬ್ಬರು ತೋಳು ಹಾಕಿ, ಸಾಲಾಗಿ ಹಿಡಿದುಕೊಂಡು ದಾಟುವುದನ್ನು ಕಲಿತಿರುತ್ತಾರೆ. ಒಬ್ಬರೇ ಹೋದವರಿಗೆ ಈ ಉಪಾಯ ದಕ್ಕದು. ಅವರಿಗೆ ಉಳಿಯುವುದು ನೀರು ಇಳಿಯುವವರೆಗೆ ಕಾಯುವ ದಾರಿ. ಕಾಯಬೇಕಾದರೆ ಚೀಲದಲ್ಲಿ ಹೆಚ್ಚಿನ ಊಟವಿರಬೇಕು, ಮರಳುವ ವಿಮಾನಕ್ಕೂ ಚಾರಣಕ್ಕೂ ನಡುವೆ ಖಾಲಿ ದಿನಗಳಿರಬೇಕು. ಹತ್ತು ದಿನದ ರಜೆಯಲ್ಲಿ ಹನ್ನೆರಡು ಜಾಗ ಮುಗಿಸುವ ಆತುರದವರನ್ನು ಉಕ್ಕುವ ಹೊಳೆಗೆ ಇಳಿಸುವುದು ಅವರ ಕೈಯಲ್ಲಿರುವ ಪ್ರವಾಸದ ವೇಳಾಪಟ್ಟಿಯೇ.

ಇನ್ನೊಂದು ಸಂಗತಿ ಕರ್ನಾಟಕದಿಂದ ಹೊರಡುವವರಿಗೆ ನೇರವಾಗಿ ಸಂಬಂಧಿಸಿದ್ದು. ನಮ್ಮ ಬೇಸಿಗೆ ರಜೆ ಏಪ್ರಿಲ್–ಮೇ. ಭೂಮಿಯ ದಕ್ಷಿಣಾರ್ಧದಲ್ಲಿ ಆಗ ಚಳಿಗಾಲ ಹತ್ತಿರವಾಗುತ್ತಿರುತ್ತದೆ. ಹೆಸರಾಂತ ಮಿಲ್ಫರ್ಡ್ ಚಾರಣದ ಹಂಗಾಮು ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ. ಆ 53.5 ಕಿಲೋಮೀಟರ್ ದಾರಿಯಲ್ಲಿ ಹಂಗಾಮಿನ ದಿನಗಳಲ್ಲಿ ತಂಗುಮನೆಗಳಿವೆ, ಅವುಗಳಲ್ಲಿ ಹವಾಮಾನ ತಿಳಿಸುವ, ಬಂದವರ ಲೆಕ್ಕವಿಡುವ ಸಿಬ್ಬಂದಿ ಇದ್ದಾರೆ, ಒಬ್ಬರಿಗಷ್ಟೇ ಜಾಗ ಬೇಕೆಂದರೂ ಕಾದಿರಿಸಬಹುದು. ಹಂಗಾಮು ಮುಗಿದ ಮೇಲೆ ಹಿಮಕುಸಿತದ ಭಯದಿಂದ ಕೆಲವು ಸೇತುವೆಗಳನ್ನೇ ಬಿಚ್ಚಿಡುತ್ತಾರೆ, ಸಿಬ್ಬಂದಿ ಮರಳುತ್ತಾರೆ. ದಾರಿ ಅದೇ, ಬೆಟ್ಟ ಅದೇ, ಚಿತ್ರಗಳಲ್ಲಿ ಇನ್ನೂ ಚೆಂದ. ಆದರೆ ಜನವರಿಯಲ್ಲಿ ಒಂಟಿಯಾಗಿ ನಡೆಯಬಹುದಾದ ಅದೇ ದಾರಿ ಮೇ ಕೊನೆಯಲ್ಲಿ ಹಿಮಚಾರಣದ ಅನುಭವವಿಲ್ಲದವರ ಪಾಲಿಗೆ ಅಪಾಯದ ಜಾಗ. ಅಗ್ಗದ ಟಿಕೆಟ್ ಸಿಕ್ಕಿತೆಂದು ಮೇ ತಿಂಗಳಿಗೆ ಚಾರಣದ ಯೋಜನೆ ಹಾಕುವವರು ಇದನ್ನು ತಿಳಿದಿರಬೇಕು.

ಇಷ್ಟೆಲ್ಲ ಅಪಾಯವಿದ್ದರೆ ಒಬ್ಬರೇ ಹೋಗುವುದನ್ನೇ ನಿಷೇಧಿಸಬಾರದೇ ಎಂದು ಕೇಳುವವರಿದ್ದಾರೆ. ನೇಪಾಳ ಹಾಗೆ ಮಾಡಿತು. ಒಂಟಿಯಾಗಿ ಹೋದ ವಿದೇಶಿ ಚಾರಣಿಗರು ಕಾಣೆಯಾಗುವುದು, ಅವರನ್ನು ಹುಡುಕುವುದು ಹೊರೆಯಾಗುತ್ತಿದೆ ಎಂದು 2023ರ ಏಪ್ರಿಲ್ 1ರಿಂದ ಮಾರ್ಗದರ್ಶಕರನ್ನು ಕಡ್ಡಾಯ ಮಾಡಿತು. ಎತ್ತರದ ಹಿಮಾಲಯದಲ್ಲಿ, ರಕ್ಷಣಾ ಹೆಲಿಕಾಪ್ಟರಿಗೂ ಆಸ್ಪತ್ರೆಗೂ ದೂರವಿರುವ ಕಣಿವೆಗಳಲ್ಲಿ ಆ ತೀರ್ಮಾನಕ್ಕೆ ಅರ್ಥವಿದೆ, ಸ್ಥಳೀಯರಿಗೆ ಅದು ಅನ್ನದ ದಾರಿಯೂ ಹೌದು. ಆದರೆ ನಿಷೇಧವೊಂದೇ ಮದ್ದು ಎಂಬುದನ್ನು ನಾನು ಒಪ್ಪುವುದಿಲ್ಲ. ನ್ಯೂಜಿಲೆಂಡ್ ಒಂಟಿ ಚಾರಣಿಗರನ್ನು ತಡೆಯುವುದಿಲ್ಲ. ಎಲ್ಲಿಗೆ ಹೋಗುತ್ತೀರಿ, ಎಂದು ಮರಳುತ್ತೀರಿ ಎಂಬುದನ್ನು ನಂಬಿಕಸ್ಥರೊಬ್ಬರಿಗೆ ತಿಳಿಸಿ ಹೋಗಿ ಎನ್ನುತ್ತದೆ. ತಂಗುಮನೆಗಳಲ್ಲಿ ಇಟ್ಟಿರುವ ಪುಸ್ತಕದಲ್ಲಿ ಮುಂದಿನ ದಾರಿಯನ್ನು ಬರೆದಿಡಿ ಎನ್ನುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಕರೆ ಮುಟ್ಟಿಸುವ ಕೈಗಾತ್ರದ ಬೀಕನ್ ಯಂತ್ರ ಅಲ್ಲಿ ಬಾಡಿಗೆಗೆ ಸಿಗುತ್ತದೆ. ಕರೆ ಹೋದ ಮೇಲೆ ಬೆಟ್ಟ ಹತ್ತಿ ಬರುವವರಲ್ಲಿ ಬಹಳ ಮಂದಿ ಸಂಬಳವಿಲ್ಲದ ಸ್ವಯಂಸೇವಕರು: ರೈತರು, ಶಿಕ್ಷಕರು, ಅಂಗಡಿಯವರು. ಇನ್ನೊಬ್ಬರ ಮಗನಿಗಾಗಿ ಚಳಿಯ ರಾತ್ರಿ ಮನೆಬಿಟ್ಟು ಹೊರಡುವ ಈ ಜನರನ್ನು ನೆನೆದರೆ ಒಂಟಿ ಸಾಹಸಿಯ ಮೇಲೆ ಒಂದು ಹೊಣೆ ತಾನಾಗಿ ಬರುತ್ತದೆ. ಬೇಜವಾಬ್ದಾರಿಯಿಂದ ದಾರಿ ತಪ್ಪುವವರು ಪಣಕ್ಕಿಡುವುದು ತಮ್ಮೊಬ್ಬರ ಜೀವವನ್ನಷ್ಟೇ ಎಂದುಕೊಳ್ಳುವಂತಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರ ಆತಂಕ ಇನ್ನೂ ಹೆಚ್ಚು, ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಲಾರೆ. ಆದರೆ ಆತಂಕಕ್ಕೆ ಉತ್ತರ ಮಾಹಿತಿ. ಮಗಳು ಒಬ್ಬಳೇ ಹೋಗುತ್ತಾಳೆಂದಾಗ ಹೋಗಬೇಡ ಎನ್ನುವ ಬದಲು, ಯಾವ ತಂಗುಮನೆ, ಯಾವ ದಿನ ಎಲ್ಲಿ, ಸುದ್ದಿ ಬರದಿದ್ದರೆ ಎಷ್ಟು ಹೊತ್ತು ಕಾದು ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳುವ ತಂದೆತಾಯಿಯೇ ಆ ವ್ಯವಸ್ಥೆ ಬಯಸುವ ನಂಬಿಕಸ್ಥರು.

ಹೆಚ್ಚು ಗಟ್ಟಿಯಾದ ಆಕ್ಷೇಪ ಬೇರೆಯದು. ಇಷ್ಟು ನಿಯಮಗಳಿದ್ದೂ 2019ರ ಡಿಸೆಂಬರ್ 9ರಂದು ವಕಾರಿ ಎಂಬ ಜ್ವಾಲಾಮುಖಿ ದ್ವೀಪ ಸಿಡಿದಾಗ ಅದರ ಮೇಲಿದ್ದ 47 ಜನರಲ್ಲಿ 22 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹಣ ಕೊಟ್ಟು ಬಂದ ಪ್ರವಾಸಿಗರು. ಮೂರು ವಾರ ಮೊದಲೇ ಜ್ವಾಲಾಮುಖಿಯ ಎಚ್ಚರಿಕೆ ಮಟ್ಟವನ್ನು 2ಕ್ಕೆ ಏರಿಸಲಾಗಿತ್ತು, ಆದರೂ ಪ್ರವಾಸ ನಿಲ್ಲಲಿಲ್ಲ. ತಪಾಸಣೆ ಇಲ್ಲಿ ಸೋತದ್ದು ಖಂಡಿತ. ಯಂತ್ರ, ಹಗ್ಗ, ದೋಣಿಗಳನ್ನು ಪರೀಕ್ಷಿಸುವ ಕ್ರಮ ಭೂಮಿಯ ಒಡಲಿನ ಅಪಾಯವನ್ನು ತೂಗಲಿಲ್ಲ. ಆದರೆ ಮುಂದೆ ನಡೆದದ್ದನ್ನೂ ನೋಡಬೇಕು. ಕಾವಲು ಕಾಯಬೇಕಾಗಿದ್ದ ವರ್ಕ್‌ಸೇಫ್ ಸಂಸ್ಥೆಯದೇ ಲೋಪವಿತ್ತೆಂದು 2021ರ ಸ್ವತಂತ್ರ ಪರಿಶೀಲನೆ ಹೇಳಿತು. ಸಂಸ್ಥೆಗಳು, ವ್ಯಕ್ತಿಗಳು ಸೇರಿ 13 ಆರೋಪಿಗಳ ಮೇಲೆ ಮೊಕದ್ದಮೆಗಳು ನಡೆದವು. ದ್ವೀಪದ ಮಾಲೀಕ ಸಂಸ್ಥೆಗೆ ಆಗಿದ್ದ ಶಿಕ್ಷೆ 2025ರಲ್ಲಿ ಹೈಕೋರ್ಟಿನಲ್ಲಿ ರದ್ದಾಯಿತು. 2024ರ ಏಪ್ರಿಲ್‌ನಿಂದ ಪ್ರಕೃತಿ ವಿಕೋಪದ ಗಂಭೀರ ಅಪಾಯವನ್ನು ಪ್ರವಾಸಿಗರಿಗೆ ತಿಳಿಸುವುದು ಕಡ್ಡಾಯವಾಯಿತು. ವ್ಯವಸ್ಥೆ ಸೋಲುತ್ತದೆ ಎಂಬ ಕಾರಣಕ್ಕೆ ಅದು ನಿರರ್ಥಕವಾಗುವುದಿಲ್ಲ. ಸೋತಾಗ ತನ್ನನ್ನೇ ಕಟಕಟೆಗೆ ಏರಿಸಿಕೊಳ್ಳುವ ವ್ಯವಸ್ಥೆಯನ್ನು ಮಾತ್ರ ನಂಬಬಹುದು. ಅದರ ಜತೆಗೆ ಪ್ರವಾಸಿಯೂ ಬಾಯಿಬಿಟ್ಟು ಕೇಳಬೇಕು: ಇಂದಿನ ಎಚ್ಚರಿಕೆ ಮಟ್ಟ ಎಷ್ಟು, ಯಾವ ಮಟ್ಟದಲ್ಲಿ ನೀವು ಪ್ರವಾಸ ನಿಲ್ಲಿಸುತ್ತೀರಿ?

ನಿಯಮ ಹೆಚ್ಚಾದರೆ ಸಾಹಸದ ರುಚಿ ಕೆಡುತ್ತದೆ ಎಂಬ ಮಾತಿಗೆ ಕವಾರೌ ಸೇತುವೆಯ ಮೇಲೆ ಇಂದಿಗೂ ನಡೆಯುತ್ತಿರುವ ಜಿಗಿತಗಳೇ ಉತ್ತರ. ಖರ್ಚಿನ ಮಾತು ನಿಜ. ವಿದೇಶಿ ಪ್ರವಾಸಿಗರ ಮೇಲಿನ ಸಂರಕ್ಷಣಾ ಸುಂಕವನ್ನು ನ್ಯೂಜಿಲೆಂಡ್ 2024ರ ಅಕ್ಟೋಬರಿನಲ್ಲಿ 35 ಡಾಲರಿನಿಂದ 100 ಡಾಲರಿಗೆ ಏರಿಸಿತು. ಆದರೆ ದಾರಿ, ತಂಗುಮನೆ, ಕಾಡುಗಳನ್ನು ಬಳಸುವವರೇ ಅವುಗಳ ಪಾಲನೆಗೆ ಪಾಲು ಕೊಡುವುದು ನ್ಯಾಯ ಎಂದೇ ನನ್ನ ಅಭಿಪ್ರಾಯ.

ಅಲ್ಲಿ ಸುರಕ್ಷತೆಯ ಕಾಗದ ಕೇಳಿ ಅಭ್ಯಾಸವಾದವರು ಊರಿಗೆ ಬಂದ ಮೇಲೆ ಸುಮ್ಮನಾಗಬಾರದು. ಕುಮಾರ ಪರ್ವತದಲ್ಲಿ 2024ರ ಜನವರಿಯಲ್ಲಿ ಚಾರಣಿಗರ ನೂಕುನುಗ್ಗಲಾದ ಮೇಲೆ ನಮ್ಮ ಅರಣ್ಯ ಇಲಾಖೆ ಎಚ್ಚೆತ್ತು, ಆನ್‌ಲೈನ್ ಕಾದಿರಿಸುವಿಕೆಯ ಮೂಲಕ ಜನರ ಸಂಖ್ಯೆಗೆ ಮಿತಿ ತಂದಿತು. ಅದು ಸರಿಯಾದ ಹೆಜ್ಜೆ, ಆದರೆ ಮೊದಲ ಹೆಜ್ಜೆ ಮಾತ್ರ. ಸಾಹಸ ಪ್ರವಾಸೋದ್ಯಮಕ್ಕೆ 2018ರಲ್ಲಿ ಬಂದ ರಾಷ್ಟ್ರೀಯ ಮಾರ್ಗಸೂಚಿಗಳಿಗೆ ಕಾನೂನಿನ ಬಲವಿಲ್ಲ. ದಾಂಡೇಲಿಯ ರ‍್ಯಾಫ್ಟಿಂಗ್ ಆಗಲಿ, ಬೆಂಗಳೂರಿನ ಸುತ್ತಲಿನ ಬಂಡೆ ಹತ್ತುವ ಶಿಬಿರಗಳಾಗಲಿ, ಯಾರು ತಪಾಸಣೆಗೆ ಒಳಪಟ್ಟಿದ್ದಾರೆ ಎಂಬ ಪಟ್ಟಿಯನ್ನು ರಾಜ್ಯ ಸರ್ಕಾರ ಕಾನೂನಿನ ಮೂಲಕ ಕಡ್ಡಾಯ ಮಾಡಿ, ಕನ್ನಡದಲ್ಲಿ ಪ್ರಕಟಿಸಲಿ. ವಿದೇಶಕ್ಕೆ ಒಬ್ಬರೇ ಹೊರಡುವವರು ಹಣ ಕಟ್ಟುವ ಮುನ್ನ ಆ ದೇಶದ ಪಟ್ಟಿಯನ್ನು ತೆರೆದು ನೋಡಲಿ. ಕಂಪನಿಯ ಹೆಸರು ಅದರಲ್ಲಿ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಹೋಗಬೇಡಿ.